ನಾವು ದುಡ್ಡು ಕೊಟ್ಟ ಇಂಕ್ ಎಲ್ಲಿಗೆ ಹೋಗುತ್ತದೆ? ಗ್ರಾಹಕ ವ್ಯವಹಾರಗಳ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರು
ಹಾಗೂ
ಮುಖ್ಯ ಆಯುಕ್ತರು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ

ವಿಷಯ: ಮನೆ ಬಳಕೆಯ ಪ್ರಿಂಟರ್‌ಗಳಲ್ಲಿ ಇಂಕ್ ಮತ್ತು ಕಾಗದ ಪೋಲಾಗುತ್ತಿರುವ ಬಗ್ಗೆ

ಮಾನ್ಯರೇ,

ನಾನು ತುಮಕೂರಿನಲ್ಲಿ ಮನೆಪಾಠ ಮಾಡುತ್ತೇನೆ. ಹೈಸ್ಕೂಲ್ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಅಭ್ಯಾಸದ ಹಾಳೆ, ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ, ಭಾಗಗಳನ್ನು ಗುರುತಿಸುವ ಚಿತ್ರ, ಎಲ್ಲವನ್ನೂ ಪ್ರಿಂಟ್ ಮಾಡಿ ಕೊಡಬೇಕು. ಅದಕ್ಕೆಂದೇ ಮನೆಯಲ್ಲಿ ಒಂದು ಇಂಕ್‌ಜೆಟ್ ಪ್ರಿಂಟರ್ ಇದೆ. ಅದು ಯಾವ ಕಂಪನಿಯದು ಎಂದು ಇಲ್ಲಿ ಬರೆಯುವುದಿಲ್ಲ. ಬೇರೆ ಬೇರೆ ಕಂಪನಿಯ ಪ್ರಿಂಟರ್ ಇಟ್ಟುಕೊಂಡಿರುವ ಪರಿಚಯದವರೂ ಇದೇ ಪಾಡು ಹೇಳಿಕೊಳ್ಳುತ್ತಾರೆ. ಒಬ್ಬರ ಹೆಸರು ಹಿಡಿದು ದೂರಿದರೆ ಉಳಿದವರು ತಪ್ಪಿಸಿಕೊಳ್ಳುತ್ತಾರೆ.

ನಮ್ಮ ಪ್ರಿಂಟರ್ ಕೆಟ್ಟಿಲ್ಲ. ಅದನ್ನು ಹೇಗೆ ತಯಾರಿಸಿದ್ದಾರೋ ಹಾಗೇ ಕೆಲಸ ಮಾಡುತ್ತಿದೆ. ಹಾಗೆ ತಯಾರಿಸಿರುವುದರ ಮೇಲೆಯೇ ನನ್ನ ದೂರು. ನಾನು ಪೂರ್ತಿ ದುಡ್ಡು ಕೊಟ್ಟು ಕೊಂಡ ಇಂಕನ್ನು ನಾನು ಪೂರ್ತಿ ಬಳಸುವಂತಿಲ್ಲ. ಅದರಲ್ಲಿ ಎಷ್ಟು ಕಾಗದಕ್ಕೆ ಇಳಿಯಿತು, ಎಷ್ಟು ಯಂತ್ರದ ಒಳಗೇ ಚೆಲ್ಲಿಹೋಯಿತು ಎಂದು ತಿಳಿಯುವ ದಾರಿಯೂ ಇಲ್ಲ.

ನಡೆದದ್ದನ್ನು ಮೊದಲು ಹೇಳುತ್ತೇನೆ. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ಪ್ರಶ್ನೆಪತ್ರಿಕೆ ತೆಗೆಯಬೇಕಿತ್ತು. ಬರೀ ಅಕ್ಷರ, ಬರೀ ಕಪ್ಪು. ಕಪ್ಪು ಕಾರ್ಟ್ರಿಜ್, ಅಂದರೆ ಇಂಕ್ ತುಂಬಿದ ಡಬ್ಬಿ, ಹಾಕಿ ಹೆಚ್ಚು ದಿನವೂ ಆಗಿರಲಿಲ್ಲ. ಆದರೂ ಪ್ರಿಂಟರ್ ಹಾಳೆ ಎಳೆದುಕೊಳ್ಳಲಿಲ್ಲ. ಬಣ್ಣದ ಕಾರ್ಟ್ರಿಜ್ ಖಾಲಿ, ಬದಲಾಯಿಸಿ ಎಂದು ಪರದೆಯ ಮೇಲೆ ಬಂತು. ಸೆಟ್ಟಿಂಗ್‌ನಲ್ಲಿ ಕಪ್ಪು ಮಾತ್ರ ಎಂದು ಆಯ್ದುಕೊಂಡರೂ ಅದೇ ಮಾತು. ಅದೇ ಸಂಜೆ ಒಬ್ಬ ಹುಡುಗಿ ವಿದ್ಯಾರ್ಥಿವೇತನದ ಅರ್ಜಿಗೆ ಅಂಕಪಟ್ಟಿ ಸ್ಕ್ಯಾನ್ ಮಾಡಿಕೊಡಿ ಮಿಸ್ ಎಂದು ಬಂದಳು. ಸ್ಕ್ಯಾನ್ ಕೂಡ ಆಗಲಿಲ್ಲ. ಸ್ಕ್ಯಾನ್ ಮಾಡಲು ಒಂದು ಹನಿ ಇಂಕೂ ಬೇಕಿಲ್ಲ. ಗಾಜಿನ ಕೆಳಗೆ ದೀಪ ಓಡಾಡಿದರೆ ಸಾಕು. ಆದರೂ ಹಳದಿ, ನೀಲಿ ಇಂಕ್ ಕೊಳ್ಳದೆ ಆ ದೀಪ ಹತ್ತುವುದಿಲ್ಲ ಎನ್ನುವಂತೆ ಯಂತ್ರವನ್ನು ಕಟ್ಟಿಹಾಕಿದ್ದಾರೆ. ಇದಕ್ಕೆ ತಾಂತ್ರಿಕ ಕಾರಣ ಏನಿದೆ? ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿದೆ. ಕಂಪನಿಯ ಅಸಲಿ ಕಾರ್ಟ್ರಿಜ್ ಹಾಕಿ ನೋಡಿ ಎಂದರೇ ಹೊರತು ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಆ ಖಾಲಿ ಕಾರ್ಟ್ರಿಜ್ಜನ್ನು ಪೇಟೆಯ ರೀಫಿಲ್ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗ ಹಳೇ ಪೇಪರ್ ಹಾಸಿ, ಕೈಗವಸು ಹಾಕಿಕೊಂಡು, ಮೇಲಿನ ಸ್ಟಿಕ್ಕರ್ ಕಿತ್ತು, ಬ್ಲೇಡಿನಿಂದ ಮುಚ್ಚಳ ಎಬ್ಬಿಸಿದ. ಒಳಗೆ ಮೂರು ಪುಟ್ಟ ಕೋಣೆ. ಒಂದೊಂದರಲ್ಲೂ ಬೆರಳಿನ ಗಾತ್ರದ ಸ್ಪಂಜು. ನೀಲಿ ಸ್ಪಂಜು ಒಣಗಿ ಬಿಳಿಚಿಕೊಂಡಿತ್ತು. ಹಳದಿ ಸ್ಪಂಜನ್ನು ಚಿಮಟದಲ್ಲಿ ಎತ್ತಿದಾಗ ಇಂಕ್ ತೊಟ್ಟಿಕ್ಕಿತು. ಗುಲಾಬಿಯದನ್ನು ಟಿಶ್ಯೂ ಮೇಲೆ ಒತ್ತಿದರೆ ಟಿಶ್ಯೂ ಪೂರ್ತಿ ನೆನೆಯಿತು. "ನೋಡಿ ಮೇಡಂ, ನೀಲಿ ಒಂದೇ ಹೋಗಿರೋದು. ಇನ್ನೆರಡು ಹಾಗೇ ಇದೆ. ದಿನಾ ಇಂಥವೇ ಬರ್ತವೆ" ಎಂದ. ಯಂತ್ರದ ಲೆಕ್ಕದಲ್ಲಿ ಅದು ಖಾಲಿ. ಮೂರು ಬಣ್ಣವನ್ನು ಒಂದೇ ಡಬ್ಬಿಯಲ್ಲಿ ತುಂಬಿ, ಒಂದು ಮುಗಿದರೆ ಮೂರನ್ನೂ ಎಸೆಯುವಂತೆ ಮಾಡಿದ್ದಾರೆ. ವಿಜ್ಞಾನದ ಚಿತ್ರಗಳನ್ನು ತೆಗೆಯುವ ನಮ್ಮಂಥವರಿಗೆ ನೀಲಿ ಜಾಸ್ತಿ ಖರ್ಚಾಗುತ್ತದೆ, ಹಳದಿ ಕಡಿಮೆ. ಹಾಗಾಗಿ ಪ್ರತಿ ಸಲವೂ ಹಳದಿಯನ್ನು ಕಸಕ್ಕೆ ಹಾಕಲೆಂದೇ ಕೊಂಡಂತಾಗುತ್ತದೆ.

ಇದು ಕಣ್ಣಿಗೆ ಕಾಣುವ ಪೋಲು. ಕಾಣದ ಪೋಲು ಇನ್ನೊಂದಿದೆ. ಇಂಕ್‌ಜೆಟ್ ಪ್ರಿಂಟರ್‌ನ ಹೆಡ್‌ನಲ್ಲಿ, ಅಂದರೆ ಇಂಕ್ ಚಿಮ್ಮಿಸುವ ಭಾಗದಲ್ಲಿ, ಕೂದಲಿಗಿಂತ ಸಣ್ಣ ತೂತುಗಳಿರುತ್ತವೆ. ಕೆಲವು ಯಂತ್ರಗಳು ಇಂಕನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುತ್ತವೆ, ಇನ್ನು ಕೆಲವು ವಿದ್ಯುತ್ ಕೊಟ್ಟರೆ ಬಾಗುವ ಸಣ್ಣ ತುಣುಕಿನಿಂದ ಒತ್ತಿ ಚಿಮ್ಮಿಸುತ್ತವೆ. ಕೆಲವು ದಿನ ಪ್ರಿಂಟ್ ತೆಗೆಯದೇ ಇದ್ದರೆ ಈ ತೂತುಗಳಲ್ಲಿ ಇಂಕ್ ಒಣಗುತ್ತದೆ. ಅದನ್ನು ಬಿಡಿಸಲು ಯಂತ್ರ ಹೊಸ ಇಂಕನ್ನೇ ತೂತುಗಳ ಮೂಲಕ ಹೊರಗೆ ತಳ್ಳುತ್ತದೆ. ಸ್ವಿಚ್ ಹಾಕಿದ ಕೂಡಲೇ ಗುರ್ ಗುರ್ ಎಂದು ಸ್ವಲ್ಪ ಹೊತ್ತು ಸದ್ದು ಮಾಡುತ್ತದಲ್ಲ, ಎಷ್ಟೋ ಸಲ ಅದು ಇದೇ ಕೆಲಸ. ಆ ಇಂಕ್ ಕಾಗದಕ್ಕೆ ಬರುವುದಿಲ್ಲ. ಯಂತ್ರದ ತಳದಲ್ಲಿ ಒಂದು ದಪ್ಪ ಪ್ಯಾಡ್ ಇರುತ್ತದೆ, ಅದು ಕುಡಿಯುತ್ತದೆ. ಅನೇಕ ಮಾದರಿಗಳಲ್ಲಿ ಆ ಪ್ಯಾಡ್ ತುಂಬಿದೆ ಎಂದು ಒಳಗಿನ ಲೆಕ್ಕ ಹೇಳಿದ ದಿನ ಪ್ರಿಂಟರ್ ನಿಂತೇ ಹೋಗುತ್ತದೆ. ಸರ್ವಿಸ್ ಸೆಂಟರ್‌ಗೆ ಒಯ್ದು ದುಡ್ಡು ಕೊಟ್ಟರೆ ಮಾತ್ರ ಮತ್ತೆ ಏಳುತ್ತದೆ. ಅಂದರೆ ಪೋಲಾದ ಇಂಕಿಗೆ ಒಮ್ಮೆ ದುಡ್ಡು, ಅದು ತುಂಬಿದ ಪ್ಯಾಡಿಗೆ ಇನ್ನೊಮ್ಮೆ ದುಡ್ಡು.

ಹೀಗೆ ಇಂಕ್ ತಳ್ಳಿ ತೂತು ಬಿಡಿಸುವ ಕ್ಲೀನಿಂಗ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ತೂತು ಕಟ್ಟಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಹಾಳೆಯ ಉದ್ದಕ್ಕೂ ಅಡ್ಡಡ್ಡ ಬಿಳಿ ಗೆರೆ ಬೀಳುತ್ತದೆ. ಬೇರೆ ಹಾಳೆಯಾದರೆ ಹೇಗೋ ಓದಿಕೊಳ್ಳಬಹುದು. ಗಣಿತದ ಹಾಳೆಯಲ್ಲಿ ಮೈನಸ್ ಚಿಹ್ನೆಯೂ ಅಡ್ಡ ಗೆರೆ, ಭಿನ್ನರಾಶಿಯ ಗೆರೆಯೂ ಅಡ್ಡ ಗೆರೆ. ಬಿಳಿ ಪಟ್ಟಿ ಸರಿಯಾಗಿ ಅದರ ಮೇಲೇ ಹಾದುಹೋದರೆ ಲೆಕ್ಕವೇ ಬದಲಾಗುತ್ತದೆ. ಒಂದು ಮಗು ಮೈನಸ್ ಇಲ್ಲದ ಸಮೀಕರಣವನ್ನು ಹಿಡಿದು ಅರ್ಧ ಗಂಟೆ ಒದ್ದಾಡಿದ್ದನ್ನು ನೋಡಿದ ಮೇಲೆ, ಗೆರೆ ಬಿದ್ದ ಹಾಳೆಗಳನ್ನು ನಾನು ಯಾರಿಗೂ ಕೊಡುವುದಿಲ್ಲ. ಕನ್ನಡ ಮಾಧ್ಯಮದ ಹಾಳೆಯಲ್ಲಿ ಒತ್ತಕ್ಷರ ಮಾಯವಾಗುವುದೂ ಉಂಟು. ಅಂಥ ಹಾಳೆಗಳೆಲ್ಲ ರದ್ದಿಗೆ ಹೋಗುತ್ತವೆ.

ಗೆರೆ ಹೋಗಲಿ ಎಂದು ಕ್ಲೀನಿಂಗ್ ಕೊಟ್ಟರೆ, ಅದು ಸರಿಯಾಯಿತೋ ಇಲ್ಲವೋ ನೋಡಲು ಒಂದು ಪರೀಕ್ಷಾ ಹಾಳೆ. ಸರಿಯಾಗದಿದ್ದರೆ ಮತ್ತೆ ಕ್ಲೀನಿಂಗ್, ಮತ್ತೆ ಹಾಳೆ. ಕಾರ್ಟ್ರಿಜ್ ಬದಲಿಸಿದರೆ ಹೆಡ್ ಹೊಂದಿಸುವ ಹಾಳೆಯೊಂದು ಕೇಳದೆಯೇ ಬರುತ್ತದೆ. ಪ್ರಿಂಟ್ ರದ್ದು ಮಾಡಿದರೆ ಎಷ್ಟೋ ಸಲ ಅರ್ಧ ಹಾಳೆ ಚಿತ್ರವಿಚಿತ್ರ ಅಕ್ಷರಗಳೊಂದಿಗೆ ಹೊರಬೀಳುತ್ತದೆ. ಮಳೆಗಾಲದ ಥಂಡಿಗೆ ಎರಡು ಮೂರು ಹಾಳೆ ಒಟ್ಟಿಗೆ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಹಾಳೆಯ ಎರಡೂ ಬದಿಗೆ ತಾನೇ ಮುದ್ರಿಸುವ ಸೌಲಭ್ಯ ಇರುವುದಿಲ್ಲ. ಹಾಳೆ ತಿರುಗಿಸಿ ಹಾಕುವಾಗ ಒಂದು ಹಾಳೆ ಹಿಂದೆ ಮುಂದೆ ಆದರೆ ಆ ಇಡೀ ಕಂತೆ ವ್ಯರ್ಥ. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತು ವರ್ಷಗಳೇ ಆದವು. ಆ ಊರಿನವರನ್ನು ಕೇಳಿದರೆ ಒಂದು ಹಾಳೆಯ ಹಿಂದೆ ಎಷ್ಟು ಬಿದಿರು, ಎಷ್ಟು ನೀರು, ಎಷ್ಟು ಜನರ ದುಡಿಮೆ ಇರುತ್ತದೆ ಎಂದು ಹೇಳುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಕೊಳ್ಳುವ ವಸ್ತುವಿನ ಗುಣಮಟ್ಟ, ಪ್ರಮಾಣ, ಬೆಲೆ ತಿಳಿದುಕೊಳ್ಳುವುದು ಗ್ರಾಹಕರ ಹಕ್ಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಮನೆಯಲ್ಲಿರುವ ಕಾರ್ಟ್ರಿಜ್ ಡಬ್ಬದ ಮೇಲೆ ಪ್ರಮಾಣ ಎಂಬಲ್ಲಿ "1" ಎಂದಿದೆ. ಒಂದು ಕಾರ್ಟ್ರಿಜ್ ಎಂದರ್ಥ. ಒಳಗೆ ಎಷ್ಟು ಮಿಲಿಲೀಟರ್ ಇಂಕ್ ಇದೆ ಎಂದು ಎಲ್ಲೂ ಕಾಣಲಿಲ್ಲ. ನಾನು ಕೊಳ್ಳುವುದು ಪ್ಲಾಸ್ಟಿಕ್ ಡಬ್ಬಿಯನ್ನಲ್ಲ, ಅದರೊಳಗಿನ ಇಂಕನ್ನು. ಎಣ್ಣೆ ಪ್ಯಾಕೆಟ್ ಮೇಲೆ "1 ಪ್ಯಾಕೆಟ್" ಎಂದಷ್ಟೇ ಬರೆದರೆ ನಿಮ್ಮದೇ ಇಲಾಖೆಯ ನಿಯಮ ಒಪ್ಪುತ್ತದೆಯೇ? ಪೆಟ್ರೋಲ್ ಬಂಕ್‌ನಲ್ಲಿ ಅಳತೆಯ ಮೇಲೆ ಅನುಮಾನ ಬಂದರೆ ಮುದ್ರೆ ಒತ್ತಿದ 5 ಲೀಟರ್ ಮಾಪನ ತರಿಸಿ ನಮ್ಮ ಕಣ್ಣೆದುರೇ ಅಳೆಸಬಹುದು. ಲೀಟರ್ ಲೆಕ್ಕದಲ್ಲಿ ಪೆಟ್ರೋಲ್‌ಗಿಂತ ಎಷ್ಟೋ ಪಟ್ಟು ದುಬಾರಿಯಾದ ಇಂಕಿಗೆ ಅಂಥದ್ದೊಂದು ಅಳತೆ ಇಲ್ಲ. ಯಂತ್ರ ಖಾಲಿ ಎಂದರೆ ಖಾಲಿ. ಇಂಕಿನ ಲೆಕ್ಕ ಇಡಲು ಮಾರುವವರೇ ಒಳಗೆ ಇಟ್ಟ ಎಲೆಕ್ಟ್ರಾನಿಕ್ ಚಿಪ್ ಒಂದೇ ಸಾಕ್ಷಿ, ಅದೇ ತೀರ್ಪು.

ಮಿಲಿಲೀಟರ್ ಬದಲು ಪುಟಗಳ ಲೆಕ್ಕ ಕೊಡುತ್ತೇವಲ್ಲ ಎಂದು ಕಂಪನಿಗಳು ಹೇಳಬಹುದು. ಆ ಲೆಕ್ಕಕ್ಕೆ ಐಎಸ್‌ಒ/ಐಇಸಿ 24711 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಗೊತ್ತುಪಡಿಸಿದ ಪುಟಗಳನ್ನು ಒಂದರ ಹಿಂದೊಂದು ಮುದ್ರಿಸುತ್ತಾ ಹೋಗಿ ಎಣಿಸುತ್ತಾರೆ. ಹಾಗೆ ಬಿಡದೆ ಓಡಿಸಿದಾಗ ಇಂಕ್ ಒಣಗುವುದಿಲ್ಲ, ಕ್ಲೀನಿಂಗೂ ಕಡಿಮೆ. ಯಾವ ಮನೆಯಲ್ಲಿ ಪ್ರಿಂಟರ್ ಹಾಗೆ ಓಡುತ್ತದೆ? ಇವತ್ತು ನಾಲ್ಕು ಹಾಳೆ, ಮುಂದಿನ ವಾರ ಎರಡು, ರಜೆ ಬಂದರೆ ಏನೂ ಇಲ್ಲ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕ ಸಂಸ್ಥೆ 2013ರಲ್ಲಿ ಹೀಗೆ ಬಿಟ್ಟು ಬಿಟ್ಟು ಮುದ್ರಿಸಿ ಪರೀಕ್ಷೆ ಮಾಡಿತು. ಎಷ್ಟೋ ಮಾದರಿಗಳಲ್ಲಿ ಅರ್ಧ ಅಥವಾ ಅದಕ್ಕೂ ಕಡಿಮೆ ಇಂಕ್ ಮಾತ್ರ ಕಾಗದಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ಮಾರುವ ಯಂತ್ರಗಳನ್ನೂ ಹೀಗೆ ಪರೀಕ್ಷಿಸಿ, ಫಲಿತಾಂಶ ಜನರಿಗೆ ಸಿಗುವಂತೆ ಮಾಡಬೇಕಲ್ಲವೇ?

ಇನ್ನು ರೀಫಿಲ್ ವಿಷಯ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಸಿರಿಂಜ್‌ನಲ್ಲಿ ಇಂಕ್ ತುಂಬಿ ಬದುಕುವ ಅಂಗಡಿಗಳಿವೆ. ಖಾಲಿಯಾದದ್ದನ್ನು ಮತ್ತೆ ತುಂಬಿ ಬಳಸುವುದು ನಮಗೆ ಹೊಸದೇನಲ್ಲ. ಆದರೆ ತುಂಬಿಸಿ ತಂದ ಕಾರ್ಟ್ರಿಜ್ಜನ್ನು ಯಂತ್ರ ಖಾಲಿ ಎಂದೇ ತೋರಿಸುತ್ತದೆ, ಅಸಲಿ ಅಲ್ಲ ಎಂದು ಹೆದರಿಸುತ್ತದೆ. ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಆದ ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಅದನ್ನು ಸ್ವೀಕರಿಸುವುದೇ ಇಲ್ಲ. ನಿನ್ನೆ ನಡೆದದ್ದು ಇವತ್ತು ನಡೆಯುವುದಿಲ್ಲ ಎಂದರೆ, ನಾನು ಕೊಂಡ ಯಂತ್ರವನ್ನು ನನ್ನ ಒಪ್ಪಿಗೆ ಇಲ್ಲದೆ ಬದಲಾಯಿಸಿದ್ದಾರೆ ಎಂದೇ ಅರ್ಥ.

ಬೇರೆ ದೇಶಗಳಲ್ಲಿ ಸರ್ಕಾರಗಳು ಸುಮ್ನೆ ಕೂತಿಲ್ಲ. ಬೇರೆ ಕಂಪನಿಯ ಕಾರ್ಟ್ರಿಜ್ ಹಾಕಿದರೆ ಪ್ರಿಂಟರ್ ತಡೆಯುತ್ತದೆ ಎಂಬುದನ್ನು ಕೊಳ್ಳುವವರಿಗೆ ಸರಿಯಾಗಿ ತಿಳಿಸಿಲ್ಲ ಎಂಬುದೂ ಸೇರಿದಂತೆ ಕೆಲವು ಕಾರಣಗಳಿಗೆ ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರ ಡಿಸೆಂಬರ್‌ನಲ್ಲಿ ಎಚ್‌ಪಿ ಕಂಪನಿಗೆ 1 ಕೋಟಿ ಯೂರೋ ದಂಡ ಹಾಕಿತು. ಲೆಕ್ಸ್‌ಮಾರ್ಕ್ ಕಂಪನಿ ತನ್ನ ಹಳೇ ಕಾರ್ಟ್ರಿಜ್‌ಗಳನ್ನು ತುಂಬಿಸಿ ಮಾರುವವರ ಮೇಲೆ ಹೂಡಿದ ಪೇಟೆಂಟ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಒಮ್ಮೆ ಮಾರಿದ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ಚಲಾಯಿಸಲು ಬರುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಮಾರಿದ ಮೇಲೆ ಅದು ಕೊಂಡವರದ್ದು. ನಾನು ಕೇಳುತ್ತಿರುವುದೂ ಅಷ್ಟೇ.

ಟ್ಯಾಂಕ್ ಇರುವ ಪ್ರಿಂಟರ್ ಕೊಳ್ಳಬಹುದಲ್ಲ ಎಂದು ಅನೇಕರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಬಾಟಲಿಯಿಂದ ಸುರಿದುಕೊಳ್ಳುವ ಆ ಇಂಕಿನ ಒಂದು ಬಾಟಲಿಯಲ್ಲಿ ಸಾಮಾನ್ಯವಾಗಿ 65, 70 ಮಿಲಿಲೀಟರ್ ಇರುತ್ತದೆ, ಬಾಟಲಿಯ ಮೇಲೆ ಬರೆದೂ ಇರುತ್ತದೆ. ಇಂಥ ಪ್ರಿಂಟರ್‌ಗಳನ್ನು ಎಪ್ಸನ್ ಕಂಪನಿ 2010ರಲ್ಲಿ ಮೊದಲು ತಂದದ್ದು ಇಂಡೋನೇಷ್ಯಾದಲ್ಲಿ. ಅಲ್ಲಿಯ ಜನ ಪ್ರಿಂಟರ್ ಪಕ್ಕಕ್ಕೆ ತಾವೇ ಬಾಟಲಿ ಕಟ್ಟಿ, ನಳಿಕೆ ಎಳೆದು, ಅಗ್ಗದ ಇಂಕ್ ಹರಿಸಿಕೊಳ್ಳುತ್ತಿದ್ದರು. ನಮ್ಮಲ್ಲೂ ಜೆರಾಕ್ಸ್ ಅಂಗಡಿಗಳವರು ಇದನ್ನೇ ಮಾಡುತ್ತಿದ್ದರು. ಜನ ದಾರಿ ತೋರಿಸಿದ ಮೇಲೆ ಕಂಪನಿ ಆ ದಾರಿಗೆ ಬಂತು. ಅಂದರೆ ಇಂಕನ್ನು ಅಗ್ಗವಾಗಿ, ಅಳತೆ ಹೇಳಿ ಮಾರಲು ಸಾಧ್ಯವಿದೆ ಎಂದಾಯಿತು. ಆದರೆ ಟ್ಯಾಂಕ್ ಪ್ರಿಂಟರ್‌ನ ಬೆಲೆ ಸಾಮಾನ್ಯ ಕಾರ್ಟ್ರಿಜ್ ಪ್ರಿಂಟರ್‌ಗಿಂತ ಎರಡು ಮೂರು ಪಟ್ಟು. ಮಗನ ಪ್ರಾಜೆಕ್ಟ್‌ಗೆಂದು ಕೈಯಲ್ಲಿರುವ ನಾಲ್ಕೈದು ಸಾವಿರ ಹೊಂದಿಸಿ ಪ್ರಿಂಟರ್ ಕೊಳ್ಳುವ ತಂದೆಗೆ ಅದು ಎಟುಕುವುದಿಲ್ಲ. ಆತ ಅಗ್ಗದ ಯಂತ್ರ ಕೊಂಡು, ನಂತರ ವರ್ಷಗಟ್ಟಲೆ ಇಂಕಿಗೆ ದುಡ್ಡು ಸುರಿಯುತ್ತಾನೆ. ಕಡಿಮೆ ದುಡ್ಡಿರುವವರೇ ಒಂದೊಂದು ಹಾಳೆಗೆ ಜಾಸ್ತಿ ಕೊಡುವಂತಾಗಿದೆ. ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಇದರ ಬಗ್ಗೆ. ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳಲ್ಲಿ ಗಾರೆ ಕೆಲಸದವರ, ಹೂ ಮಾರುವವರ ಮಕ್ಕಳಿದ್ದಾರೆ. ಶಾಲೆಯವರು ಬಣ್ಣದ ಪ್ರಿಂಟ್ ಅಂಟಿಸಿ ತನ್ನಿ ಎನ್ನುತ್ತಾರೆ. ಆ ಖರ್ಚು ಕೊನೆಗೆ ಬೀಳುವುದು ಇಂಥ ಮನೆಗಳ ಮೇಲೆಯೇ.

ಎಸೆದ ಕಾರ್ಟ್ರಿಜ್ ಬಗ್ಗೆಯೂ ಒಂದು ಮಾತು. 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಜೊತೆಗೆ ಕಾರ್ಟ್ರಿಜ್ಜೂ ಇದೆ. ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ನಾನು ಕಾರ್ಟ್ರಿಜ್ ಕೊಂಡ ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಅರ್ಧ ಇಂಕ್ ತುಂಬಿದ ಆ ಡಬ್ಬಿ ಕಸದ ಗಾಡಿಗೇ ಹೋಗಬೇಕು. ಕಸ ವಿಂಗಡಿಸುವ ಹೆಣ್ಣುಮಕ್ಕಳ ಕೈಗೆ ಆ ಬಣ್ಣ ಮೆತ್ತಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಇದನ್ನೆಲ್ಲ ತಮಗೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ಒಂದು ಕಾರ್ಟ್ರಿಜ್‌ನ ಸಾವಿರ ರೂಪಾಯಿಗಾಗಿ ಯಾರೂ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವುದಿಲ್ಲ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ಅದು ಒಳ್ಳೆಯದೇ. ಆದರೆ ಕೂಲಿ, ಕೆಲಸ ಬಿಟ್ಟು ಓಡಾಡಬೇಕಲ್ಲ. ಒಬ್ಬೊಬ್ಬರ ನಷ್ಟ ಚಿಕ್ಕದು, ಹಾಗಾಗಿ ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಮಾರುವವರಿಗಿದೆ. ಗ್ರಾಹಕರನ್ನು ಒಂದು ವರ್ಗವಾಗಿ ಕಾಪಾಡಲೆಂದೇ 2020ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹುಟ್ಟಿತು. ಯಾರೂ ದೂರು ಕೊಡದಿದ್ದರೂ ತಾನಾಗಿಯೇ ತನಿಖೆ ಮಾಡುವ, ಅನ್ಯಾಯದ ವ್ಯಾಪಾರ ಪದ್ಧತಿ ನಿಲ್ಲಿಸಿ ಎಂದು ಆದೇಶ ಕೊಡುವ, ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲವೇ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ. ಈ ವಿಷಯದಲ್ಲಿ ಆ ಅಧಿಕಾರ ಬಳಸಿ ಎಂದು ಬೇಡುತ್ತೇನೆ.

ಮೊದಲ ಬೇಡಿಕೆ, ಕಾರ್ಟ್ರಿಜ್ ಡಬ್ಬದ ಮೇಲೆ ಇಂಕ್ ಎಷ್ಟು ಮಿಲಿಲೀಟರ್ ಇದೆ, ಒಂದು ಮಿಲಿಲೀಟರಿಗೆ ಎಷ್ಟು ಬೆಲೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆಯುವುದು ಕಡ್ಡಾಯವಾಗಲಿ. ಪೊಟ್ಟಣದ ವಸ್ತುಗಳಿಗೆ ಹೀಗೆ ಘಟಕವಾರು ಬೆಲೆ ಹಾಕುವ ನಿಯಮ ಈಗಾಗಲೇ ಬಂದಿದೆ. ಇಂಕಿಗೆ ಅದು ಅನ್ವಯಿಸದಂತೆ ಮಾಡಿರುವ "1" ಎಂಬ ಅಂಕಿಯ ದಾರಿಯನ್ನು ಮುಚ್ಚಿ. ಪ್ರಿಂಟರ್ ಡಬ್ಬದ ಮೇಲೆ, ಮನೆಯಲ್ಲಿ ಬಿಟ್ಟು ಬಿಟ್ಟು ಬಳಸಿದರೆ ಎಷ್ಟು ಇಂಕ್ ಕ್ಲೀನಿಂಗ್‌ಗೆ ಹೋಗುತ್ತದೆ ಎಂಬುದೂ ಇರಲಿ.

ಎರಡನೆಯದು ನನಗೆ ಇನ್ನೂ ಮುಖ್ಯ. ಕಪ್ಪು ಇಂಕ್ ಇರುವಾಗ ಕಪ್ಪು ಪ್ರಿಂಟ್ ನಿಲ್ಲಿಸುವುದು, ಇಂಕ್ ಇಲ್ಲ ಎಂದು ಸ್ಕ್ಯಾನರ್ ನಿಲ್ಲಿಸುವುದು, ಮಾರಿದ ಮೇಲೆ ಅಪ್‌ಡೇಟ್ ಹೆಸರಿನಲ್ಲಿ ಬೇರೆ ಇಂಕನ್ನು ತಡೆಯುವುದು, ಇವು ಮೂರನ್ನೂ ಅನ್ಯಾಯದ ವ್ಯಾಪಾರ ಪದ್ಧತಿ ಎಂದು ಸಾರಿ. ತಾವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಪರದೆಯ ಮೇಲೆ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ಬಲವಂತ ಮಾಡುವ, ಪದೇಪದೇ ಪೀಡಿಸುವ 13 ಬಗೆಗಳನ್ನು ಹೆಸರಿಸಿದ್ದೀರಿ. ಅಂಥದ್ದೇ ಬಲವಂತ, ಅಂಥದ್ದೇ ಪೀಡನೆ ಪ್ರಿಂಟರ್ ಪರದೆಯ ಮೇಲೂ ನಡೆಯುತ್ತಿದೆ. ಯಂತ್ರದೊಳಗಿನ ಸಾಫ್ಟ್‌ವೇರಿಗೂ ಮಾರ್ಗಸೂಚಿ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿ.

2022ರ ಡಿಸೆಂಬರ್‌ನಲ್ಲಿ ಶುರುವಾದ ರಿಪೇರಿ ಹಕ್ಕಿನ ಪೋರ್ಟಲ್‌ನಲ್ಲಿ ಪ್ರಿಂಟರ್ ಕಂಪನಿಗಳು ಪ್ಯಾಡ್ ಬದಲಿಸುವ ವಿಧಾನ, ಬಿಡಿಭಾಗದ ಬೆಲೆ, ಪ್ಯಾಡ್ ತುಂಬಿದ ಲೆಕ್ಕವನ್ನು ಶೂನ್ಯಕ್ಕೆ ತರುವ ಸಾಫ್ಟ್‌ವೇರ್ ಇವನ್ನೆಲ್ಲ ಎಲ್ಲರಿಗೂ ಸಿಗುವಂತೆ ಹಾಕಲಿ. ಒಂದು ವಸ್ತುವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಅಂಕ ಕೊಡುವ ರಿಪೇರಿ ಸೂಚ್ಯಂಕದಲ್ಲಿ ಮೊಬೈಲ್ ಜೊತೆಗೆ ಪ್ರಿಂಟರ್ ಹೆಸರೂ ಇರಲಿ. ಕಾರ್ಟ್ರಿಜ್ ಮಾರುವ ಪ್ರತಿ ಅಂಗಡಿಯೂ ಹಳೆಯದನ್ನು ವಾಪಸ್ ಪಡೆಯುವಂತೆ ಪರಿಸರ ಸಚಿವಾಲಯದ ಜೊತೆ ಮಾತಾಡಿ.

ಇದೇ ವಿಷಯವನ್ನು 1915 ಗ್ರಾಹಕ ಸಹಾಯವಾಣಿಯಲ್ಲೂ ದಾಖಲಿಸುತ್ತಿದ್ದೇನೆ. ಪತ್ರದ ಒಂದು ಪ್ರತಿ ನಮ್ಮ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಏಕೆಂದರೆ ಕಾಯ್ದೆಯ ಪ್ರಕಾರ ಇಂಥ ದೂರನ್ನು ವಿಚಾರಿಸುವ ಅಧಿಕಾರ ಅವರಿಗೂ ಇದೆ. ಓದುವ ಬೇರೆಯವರಿಗೂ ಇದೇ ಅನುಭವ ಆಗಿದ್ದರೆ, ಸಾವಿರ ರೂಪಾಯಿ ತಾನೇ ಎಂದು ಬಿಡದೆ 1915ಕ್ಕೆ ಒಂದು ಕರೆ ಮಾಡಿ. ಕಾರ್ಟ್ರಿಜ್ ಡಬ್ಬ, ಬಿಲ್, ಬಿಚ್ಚಿದ ಕಾರ್ಟ್ರಿಜ್‌ನ ಫೋಟೋ, ಗೆರೆ ಬಿದ್ದ ಪ್ರಶ್ನೆಪತ್ರಿಕೆಗಳು ಎಲ್ಲವೂ ನನ್ನ ಬಳಿ ಇವೆ. ಪ್ರಾಧಿಕಾರ ಕೇಳಿದ ದಿನವೇ ಕಳಿಸಿಕೊಡುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮನೆಪಾಠದ ಶಿಕ್ಷಕಿ,
ತುಮಕೂರು